ಒಂದು ಕದನಕ್ಕೆ ಎರಡು ಹೆಸರು: ಅಮೆರಿಕದ ಅಂತರ್ಯುದ್ಧದ ದಿಕ್ಕು ಬದಲಿಸಿದ ರಣಭೂಮಿಗಳು

ಅಮೆರಿಕದ ಅಂತರ್ಯುದ್ಧದ ಬಗ್ಗೆ ಓದಲು ಹೊರಟವರನ್ನು ಮೊದಲು ಗೊಂದಲಕ್ಕೆ ಕೆಡಹುವುದು ಹೆಸರುಗಳು. 1861ರ ಜುಲೈ 21ರಂದು ವಾಷಿಂಗ್ಟನ್ ನಗರಕ್ಕೆ ಸಮೀಪದಲ್ಲಿ ನಡೆದ ಮೊದಲ ದೊಡ್ಡ ಕಾಳಗವನ್ನು ಒಂದು ಪುಸ್ತಕ ‘ಬುಲ್ ರನ್’ ಎಂದು ಕರೆದರೆ ಇನ್ನೊಂದು ‘ಮನಾಸಸ್’ ಎನ್ನುತ್ತದೆ. 1862ರ ಸೆಪ್ಟೆಂಬರಿನ ಭೀಕರ ಕದನ ಒಬ್ಬರಿಗೆ ‘ಆಂಟೀಟಮ್’, ಮತ್ತೊಬ್ಬರಿಗೆ ‘ಶಾರ್ಪ್ಸ್‌ಬರ್ಗ್’. ಉತ್ತರದವರು ಸಾಮಾನ್ಯವಾಗಿ ಹತ್ತಿರದ ಹಳ್ಳ, ಹೊಳೆಯ ಹೆಸರನ್ನು ಕದನಕ್ಕೆ ಇಟ್ಟರು. ದಕ್ಷಿಣದವರು ಹತ್ತಿರದ ಊರಿನ ಹೆಸರನ್ನು ಇಟ್ಟರು. ಯುದ್ಧಕ್ಕೂ ಹೀಗೆಯೇ. ಗೆದ್ದವರ ಸರ್ಕಾರಿ ದಾಖಲೆಗಳಲ್ಲಿ ಅದು ‘ದಂಗೆ’. ಸೋತವರ ಮಕ್ಕಳು, ಮೊಮ್ಮಕ್ಕಳು ಅದನ್ನು ‘ರಾಜ್ಯಗಳ ನಡುವಿನ ಯುದ್ಧ’ ಎಂದು ಕರೆದರು.

ಹೆಸರಿನ ಈ ಜಗಳ ಕೇವಲ ಭೂಗೋಳದ್ದಲ್ಲ. ಯುದ್ಧ ಯಾವುದಕ್ಕಾಗಿ ನಡೆಯಿತು ಎಂಬ ಪ್ರಶ್ನೆಗೆ ಕೊಡುವ ಉತ್ತರವೂ ಅದರೊಳಗೆ ಅಡಗಿದೆ. ಯುದ್ಧದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಯಾರು ಗೆದ್ದರು, ಎಷ್ಟು ಜನ ಸತ್ತರು, ಯಾವ ಸೇನಾಪತಿ ಯಾವ ಗುಡ್ಡ ಹತ್ತಿದ ಎಂಬ ಕ್ರಮದಲ್ಲಿ ಓದುತ್ತೇವೆ. ಈ ಲೇಖನದಲ್ಲಿ ಕೆಲವು ಮುಖ್ಯ ಕದನಗಳನ್ನು ಬೇರೊಂದು ಪ್ರಶ್ನೆ ಇಟ್ಟುಕೊಂಡು ನೋಡಲು ಯತ್ನಿಸುತ್ತೇನೆ: ಆ ಕದನದ ಮರುದಿನ ಯುದ್ಧದ ಅರ್ಥವೇ ಬದಲಾಯಿತೆ? ಹಾಗೆ ನೋಡಿದಾಗ ನಿರ್ಣಾಯಕ ಕದನಗಳ ಪಟ್ಟಿ ಸ್ವಲ್ಪ ಬೇರೆಯಾಗಿಯೇ ಕಾಣುತ್ತದೆ.

ಯಾರೂ ಸಾಯದ ಮೊದಲ ಕದನ

1860ರ ಜನಗಣತಿಯ ಪ್ರಕಾರ ಅಮೆರಿಕದ ಜನಸಂಖ್ಯೆ ಸುಮಾರು 3.1 ಕೋಟಿ. ಅದರಲ್ಲಿ 40 ಲಕ್ಷಕ್ಕೆ ಸಮೀಪದಷ್ಟು ಜನ ಗುಲಾಮರು. ಗುಲಾಮಗಿರಿ ಹೊಸ ಪ್ರಾಂತ್ಯಗಳಿಗೆ ಹರಡಬಾರದು ಎಂಬ ನಿಲುವಿನ ಅಬ್ರಹಾಂ ಲಿಂಕನ್ ಆ ವರ್ಷದ ನವೆಂಬರಿನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಡಿಸೆಂಬರ್ 20ಕ್ಕೆ ದಕ್ಷಿಣ ಕೆರೊಲಿನಾ ಒಕ್ಕೂಟದಿಂದ ಹೊರನಡೆಯಿತು. ಮತ್ತೆ ಆರು ರಾಜ್ಯಗಳು ಹಿಂಬಾಲಿಸಿದವು. ಇವು ಸೇರಿ ಕಟ್ಟಿಕೊಂಡ ಹೊಸ ದೇಶವೇ ಕಾನ್ಫೆಡರೇಟ್ ಒಕ್ಕೂಟ. ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ಸವಾನಾ ನಗರದಲ್ಲಿ ಮಾತನಾಡುತ್ತ, ತಮ್ಮ ಸರ್ಕಾರದ ಮೂಲೆಗಲ್ಲು ಬಿಳಿಯರಿಗೆ ಕಪ್ಪು ಜನ ಸಮಾನರಲ್ಲ ಎಂಬ ತತ್ವವೇ ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಯುದ್ಧ ನಡೆದದ್ದು ‘ರಾಜ್ಯಗಳ ಹಕ್ಕಿಗಾಗಿ’ ಎಂಬ ವಾದ ಪ್ರಬಲವಾಗಿ ಬೆಳೆದದ್ದು ಸೋಲಿನ ನಂತರ.

1861ರ ಏಪ್ರಿಲ್ 12ರ ಬೆಳಗಿನ ಜಾವ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ಫಿರಂಗಿಗಳು ಗುಂಡು ಹಾರಿಸಿದವು. ಮೇಜರ್ ರಾಬರ್ಟ್ ಆಂಡರ್ಸನ್ ಬಳಿ ಕಾಳು ಕಡ್ಡಿ ಮುಗಿಯುತ್ತ ಬಂದಿತ್ತು. ಮರುದಿನ ಅವನು ಕೋಟೆ ಒಪ್ಪಿಸಿದ. ಆ ಗುಂಡಿನ ಮಳೆಯಲ್ಲಿ ಒಬ್ಬ ಸೈನಿಕನೂ ಸಾಯಲಿಲ್ಲ. ಸೇನಾದೃಷ್ಟಿಯಿಂದ ಇದು ಲೆಕ್ಕಕ್ಕೇ ಬಾರದ ಕದನ. ಆದರೆ ಲಿಂಕನ್ 75,000 ಸ್ವಯಂಸೇವಕ ಸೈನಿಕರಿಗೆ ಕರೆಕೊಟ್ಟ ಕೂಡಲೇ ಅಲ್ಲಿಯವರೆಗೆ ಗೋಡೆಯ ಮೇಲೆ ಕೂತಿದ್ದ ವರ್ಜೀನಿಯಾ ಸೇರಿ ನಾಲ್ಕು ರಾಜ್ಯಗಳು ದಕ್ಷಿಣದ ಪಾಳೆಯಕ್ಕೆ ಜಿಗಿದವು. ಹೊರಹೋದ ರಾಜ್ಯಗಳ ಸಂಖ್ಯೆ ಹನ್ನೊಂದಾಯಿತು. ಅತ್ತ ಉತ್ತರದಲ್ಲಿ ಹರಿದು ಹಂಚಿಹೋಗಿದ್ದ ಅಭಿಪ್ರಾಯ ಒಂದೇ ವಾರದಲ್ಲಿ ಒಗ್ಗೂಡಿತು. ಮೊದಲ ಗುಂಡು ಯಾರು ಹಾರಿಸಿದರು ಎಂಬುದಕ್ಕೆ ರಾಜಕೀಯದಲ್ಲಿ ಇರುವ ಬೆಲೆ ಸಮ್ಟರ್ ಕೋಟೆಯಲ್ಲಿ ತಿಳಿಯಿತು.

ಆ ಸೈನಿಕರನ್ನು ಕರೆದದ್ದು ಮೂರು ತಿಂಗಳ ಮಟ್ಟಿಗೆ. ಯುದ್ಧ ಅಷ್ಟರಲ್ಲಿ ಮುಗಿಯುತ್ತದೆಂದು ಎರಡೂ ಕಡೆಯವರು ನಂಬಿದ್ದರು. ಬುಲ್ ರನ್ ಕಾಳಗ ನೋಡಲು ವಾಷಿಂಗ್ಟನ್ನಿನಿಂದ ಸಂಸತ್ ಸದಸ್ಯರೂ ಗಣ್ಯರೂ ಬುತ್ತಿ ಕಟ್ಟಿಕೊಂಡು ಸಾರೋಟುಗಳಲ್ಲಿ ಬಂದಿದ್ದರು. ಸಂಜೆಯ ಹೊತ್ತಿಗೆ ಉತ್ತರದ ಸೇನೆ ಚೆಲ್ಲಾಪಿಲ್ಲಿಯಾಗಿ ಓಡಿತು; ಓಡುವ ಸೈನಿಕರ ನಡುವೆ ಸಾರೋಟುಗಳೂ ಸಿಕ್ಕಿಬಿದ್ದವು. ಮರುವರ್ಷ ಏಪ್ರಿಲ್ 6 ಮತ್ತು 7ರಂದು ಟೆನೆಸಿಯ ಶೈಲೋ ಎಂಬಲ್ಲಿ ಎರಡೇ ದಿನದಲ್ಲಿ ಸತ್ತ, ಗಾಯಗೊಂಡ, ಕಾಣೆಯಾದವರ ಸಂಖ್ಯೆ 23,000 ದಾಟಿತು. ಅಲ್ಲಿ ಉತ್ತರದ ಸೇನೆಯನ್ನು ನಡೆಸಿದ ಯುಲಿಸಿಸ್ ಗ್ರಾಂಟ್, ಪೂರ್ತಿ ಗೆದ್ದು ವಶಪಡಿಸಿಕೊಳ್ಳದೆ ಒಕ್ಕೂಟವನ್ನು ಉಳಿಸುವ ಆಸೆಯನ್ನು ತಾನು ಕೈಬಿಟ್ಟದ್ದು ಶೈಲೋ ನಂತರ ಎಂದು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡ.

ಜೋಳದ ಹೊಲ ಮತ್ತು ಒಂದು ಘೋಷಣೆ

ಇಲ್ಲಿಯವರೆಗೆ ಲಿಂಕನ್ ಸರ್ಕಾರದ ಅಧಿಕೃತ ನಿಲುವು ಒಂದೇ: ಈ ಯುದ್ಧ ಒಕ್ಕೂಟ ಉಳಿಸಲು, ಗುಲಾಮಗಿರಿ ಅಳಿಸಲು ಅಲ್ಲ. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲವೇರ್ ರಾಜ್ಯಗಳನ್ನು ಕಳೆದುಕೊಳ್ಳುವ ಭಯ ಅವರಿಗಿತ್ತು.

ಈ ನಿಲುವನ್ನು ಮೊದಲು ಅಲುಗಾಡಿಸಿದವರು ಗುಲಾಮರೇ. 1861ರ ಮೇ ತಿಂಗಳಲ್ಲಿ ಫ್ರಾಂಕ್ ಬೇಕರ್, ಶೆಪರ್ಡ್ ಮಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ರಾತ್ರಿ ದೋಣಿಯೇರಿ ವರ್ಜೀನಿಯಾದ ಮನ್ರೋ ಕೋಟೆಗೆ ಬಂದು ಉತ್ತರದ ಸೇನೆಯ ಆಸರೆ ಕೇಳಿದರು. ಮಾರನೆಯ ದಿನ ಅವರ ಒಡೆಯನ ಪರವಾಗಿ ಬಂದ ಅಧಿಕಾರಿ ಅವರನ್ನು ಮರಳಿಸಿ ಎಂದ. ಸ್ವತಃ ವಕೀಲನಾಗಿದ್ದ ಜನರಲ್ ಬೆಂಜಮಿನ್ ಬಟ್ಲರ್, ನೀವು ಬೇರೆ ದೇಶ ಎನ್ನುವುದಾದರೆ ನಮ್ಮ ಕಾನೂನು ನಿಮಗೆ ಅನ್ವಯಿಸದು, ಶತ್ರು ಯುದ್ಧಕ್ಕೆ ಬಳಸುವ ‘ಸ್ವತ್ತನ್ನು’ ನಾವು ಜಪ್ತಿ ಮಾಡಬಹುದು ಎಂದು ವಾದಿಸಿದ. ಮನುಷ್ಯರನ್ನು ಸ್ವತ್ತೆಂದು ಕರೆದ ಕಾನೂನನ್ನೇ ತಿರುಗಿಸಿ ಹಿಡಿದ ವಾದವಿದು. ಸುದ್ದಿ ಹರಡಿತು. ಉತ್ತರದ ಸೇನೆ ಹೋದಲ್ಲೆಲ್ಲ ಗುಲಾಮರು ಸಂಸಾರ ಸಮೇತ ಅದರ ಬಿಡಾರಗಳಿಗೆ ಬರತೊಡಗಿದರು.

1862ರ ಬೇಸಿಗೆಯ ಹೊತ್ತಿಗೆ ಲಿಂಕನ್ ವಿಮೋಚನೆಯ ಘೋಷಣೆಯ ಕರಡು ಬರೆದಿಟ್ಟಿದ್ದರು. ಆದರೆ ಸೋಲಿನ ನಡುವೆ ಹೊರಡಿಸಿದರೆ ಅದು ಹತಾಶೆಯ ಕೂಗಾಗಿ ಕೇಳಿಸುತ್ತದೆ, ಒಂದು ಗೆಲುವು ಬರಲಿ ಎಂದು ವಿದೇಶಾಂಗ ಮಂತ್ರಿ ವಿಲಿಯಂ ಸೆವರ್ಡ್ ಸಲಹೆ ಕೊಟ್ಟರು. ಕರಡು ಮೇಜಿನ ಖಾನೆ ಸೇರಿತು.

ಆ ಗೆಲುವು ಬಂದದ್ದು ಸೆಪ್ಟೆಂಬರ್ 17ರಂದು, ಮೇರಿಲ್ಯಾಂಡಿನ ಆಂಟೀಟಮ್ ಹೊಳೆಯ ಬಳಿ. ದಕ್ಷಿಣದ ಸೇನಾಪತಿ ರಾಬರ್ಟ್ ಇ. ಲೀ ಉತ್ತರದ ನೆಲಕ್ಕೆ ನುಗ್ಗಿದ್ದ. ಅವನ ಸೇನೆ ಎಲ್ಲೆಲ್ಲಿ ಚದುರಿದೆ ಎಂಬ ಆದೇಶಪತ್ರದ ಒಂದು ಪ್ರತಿ ಮೂರು ಸಿಗಾರುಗಳಿಗೆ ಸುತ್ತಿದ ಸ್ಥಿತಿಯಲ್ಲಿ ಉತ್ತರದ ಸೈನಿಕರಿಗೆ ಹೊಲವೊಂದರಲ್ಲಿ ಸಿಕ್ಕಿತು. ಇಂಥ ಅದೃಷ್ಟ ಕೈಗೆ ಬಂದರೂ ಜನರಲ್ ಜಾರ್ಜ್ ಮೆಕ್‌ಕ್ಲೆಲನ್ ಹೆಜ್ಜೆ ಇಡಲು ತಡಮಾಡಿದ. ಕದನದ ದಿನ ಬೆಳಗ್ಗೆ ಆಳೆತ್ತರದ ಮೆಕ್ಕೆಜೋಳದ ಹೊಲ, ಮಧ್ಯಾಹ್ನ ಬಂಡಿ ಓಡಾಡಿ ತಗ್ಗಾಗಿದ್ದ ದಾರಿ, ಸಂಜೆ ಹೊಳೆಯ ಮೇಲಿನ ಕಲ್ಲುಸೇತುವೆ — ಹೀಗೆ ಮೂರು ಕಡೆ ಒಂದಾದ ಮೇಲೊಂದು ಹೋರಾಟ ನಡೆಯಿತು. ಸತ್ತ, ಗಾಯಗೊಂಡ, ಕಾಣೆಯಾದವರು ಒಟ್ಟು ಸುಮಾರು 23,000. ಅಮೆರಿಕದ ಇತಿಹಾಸದಲ್ಲಿ ಒಂದೇ ದಿನದ ಅತಿ ರಕ್ತಸಿಕ್ತ ಕದನ ಇಂದಿಗೂ ಇದೇ.

ಲೀ ಸೋತನೆಂದು ಖಚಿತವಾಗಿ ಹೇಳುವುದು ಕಷ್ಟ. ಆದರೆ ಅವನು ಪೊಟೊಮ್ಯಾಕ್ ನದಿ ದಾಟಿ ಹಿಂದಿರುಗಿದ. ಲಿಂಕನ್ನಿಗೆ ಅಷ್ಟು ಸಾಕಾಗಿತ್ತು. ಐದೇ ದಿನಗಳಲ್ಲಿ, ಸೆಪ್ಟೆಂಬರ್ 22ರಂದು, ಪ್ರಾಥಮಿಕ ಘೋಷಣೆ ಹೊರಬಿತ್ತು: ದಂಗೆಯೆದ್ದ ಪ್ರದೇಶಗಳಲ್ಲಿನ ಗುಲಾಮರು 1863ರ ಜನವರಿ 1ರಿಂದ ಸ್ವತಂತ್ರರು. ಒಕ್ಕೂಟದಲ್ಲಿ ಉಳಿದ ರಾಜ್ಯಗಳ ಗುಲಾಮರಿಗೆ ಇದು ಅನ್ವಯಿಸಲಿಲ್ಲ ಎಂಬ ಟೀಕೆ ಸರಿಯಾದದ್ದೇ. ಆದರೂ ಆ ದಿನದಿಂದ ಉತ್ತರದ ಸೇನೆ ಮುಂದಿಟ್ಟ ಪ್ರತಿ ಹೆಜ್ಜೆಯೂ ಬಿಡುಗಡೆಯ ಗಡಿಯನ್ನು ಮುಂದಕ್ಕೆ ಸರಿಸತೊಡಗಿತು. ಗೆದ್ದೂ ಗೆಲ್ಲದ ಒಂದು ಕದನ ಯುದ್ಧದ ಉದ್ದೇಶವನ್ನೇ ಬದಲಿಸಿತು.

ಧಾರವಾಡದ ಹತ್ತಿ ಹೊಲಗಳವರೆಗೆ

ಆಂಟೀಟಮ್‌ನ ಪರಿಣಾಮ ಸಮುದ್ರ ದಾಟಿತು. ಬ್ರಿಟನ್ನಿನ ಗಿರಣಿಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಅಮೆರಿಕದ ದಕ್ಷಿಣದಿಂದ ಬರುತ್ತಿತ್ತು. ಹತ್ತಿ ನಿಂತರೆ ಬ್ರಿಟನ್ ತಾನಾಗಿ ನಮ್ಮ ಪಕ್ಷಕ್ಕೆ ಬರುತ್ತದೆ ಎಂದು ದಕ್ಷಿಣದ ನಾಯಕರು ಲೆಕ್ಕ ಹಾಕಿದ್ದರು. 1862ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಪಾಮರ್‌ಸ್ಟನ್ ಸರ್ಕಾರ ಮಧ್ಯಸ್ಥಿಕೆಯ ಬಗ್ಗೆ ಗಂಭೀರವಾಗಿ ಯೋಚಿಸುತ್ತಿತ್ತು. ಲೀ ಹಿಂದೆ ಸರಿದ ಸುದ್ದಿ ಬಂದ ಮೇಲೆ ಅದು ಕಾದು ನೋಡತೊಡಗಿತು. ಗುಲಾಮಗಿರಿಯ ವಿರುದ್ಧದ ಯುದ್ಧವೆಂದು ಘೋಷಣೆಯಾದ ಮೇಲಂತೂ ದಕ್ಷಿಣದ ಪರ ನಿಲ್ಲುವುದು ಬ್ರಿಟನ್ನಿಗೆ ಇನ್ನಷ್ಟು ಕಷ್ಟವಾಯಿತು.

ಹತ್ತಿಗಾಗಿ ಬ್ರಿಟನ್ ಭಾರತದ ಕಡೆ ತಿರುಗಿತು. ಈ ಕತೆ ಇಲ್ಲಿ ನಮ್ಮ ನೆಲವನ್ನು ಮುಟ್ಟುತ್ತದೆ. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುತ್ತಿದ್ದರು. ವ್ಯಾಪಾರದಲ್ಲಿ ಅದಕ್ಕೆ ‘ಧಾರವಾಡ-ಅಮೆರಿಕನ್’ ಎಂದೇ ಹೆಸರು. ಜವಾರಿ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರುತ್ತಿದ್ದರಿಂದ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ ಆಗಿತ್ತು. ಅಮೆರಿಕದ ಬಂದರುಗಳು ದಿಗ್ಬಂಧನಕ್ಕೆ ಸಿಕ್ಕ ಕೂಡಲೇ ಇವುಗಳ ಬೆಲೆ ಹಲವು ಪಟ್ಟು ಏರಿತು. ದುಡ್ಡಿನ ಆಸೆಗೆ ಕಲಬೆರಕೆಯೂ ಹೆಚ್ಚಿ, ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ವರ್ಗವಾದದ್ದರ ಹಿಂದೆಯೂ, ಕಾರವಾರವನ್ನು ಹತ್ತಿ ಸಾಗಿಸುವ ಬಂದರಾಗಿ ಬೆಳೆಸಬೇಕೆಂಬ ಮ್ಯಾಂಚೆಸ್ಟರಿನ ಗಿರಣಿ ಮಾಲೀಕರ ಒತ್ತಡವಿತ್ತು. 1865ರಲ್ಲಿ ಲೀ ಶರಣಾದ ಸುದ್ದಿ ಬಂದದ್ದೇ ತಡ, ಹತ್ತಿ ಬೆಲೆ ಕುಸಿದು ಮುಂಬಯಿಯ ಷೇರುಪೇಟೆ ನೆಲಕಚ್ಚಿತು. ಕಾರವಾರ ನಿರೀಕ್ಷೆಯಷ್ಟು ಬೆಳೆಯಲಿಲ್ಲ. ಮಿಸಿಸಿಪ್ಪಿಯ ಗುಲಾಮನ ದುಡಿಮೆಯೂ ಧಾರವಾಡದ ರೈತನ ಫಸಲೂ ಲಿವರ್‌ಪೂಲಿನ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದವು ಎಂಬುದನ್ನು ಆ ನಾಲ್ಕು ವರ್ಷಗಳು ತೋರಿಸಿಕೊಟ್ಟವು.

1863ರ ಜುಲೈ: ಹೆಸರಾದ ಊರು, ಮರೆತ ಊರು

ಅಂತರ್ಯುದ್ಧ ಎಂದಾಗ ಬಹುತೇಕರಿಗೆ ನೆನಪಾಗುವುದು ಗೆಟಿಸ್‌ಬರ್ಗ್. 1863ರ ಜುಲೈ 1ರಿಂದ 3ರವರೆಗೆ ಪೆನ್ಸಿಲ್ವೇನಿಯಾದ ಈ ಸಣ್ಣ ಊರಿನ ಸುತ್ತ ನಡೆದ ಕದನದಲ್ಲಿ ಎರಡೂ ಕಡೆ ಸೇರಿ ಸುಮಾರು 51,000 ಜನ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು. ಮೂರನೆಯ ದಿನ ಮಧ್ಯಾಹ್ನ ಸುಮಾರು 12,500 ಸೈನಿಕರು ಬಟ್ಟಬಯಲಲ್ಲಿ ಮುಕ್ಕಾಲು ಮೈಲಿಯಷ್ಟು ದೂರ ನಡೆದು ಉತ್ತರದ ಸಾಲಿನ ಮೇಲೆ ಏರಿಹೋದರು. ‘ಪಿಕೆಟ್ಟನ ದಾಳಿ’ ಎಂದು ಹೆಸರಾದ ಈ ಏರಾಟದಲ್ಲಿ ಅರ್ಧದಷ್ಟು ಜನ ನಷ್ಟವಾದರು. ಕಾದಂಬರಿ, ಚಿತ್ರ, ಸಿನಿಮಾಗಳಲ್ಲಿ ಈ ನಡಿಗೆ ಮತ್ತೆ ಮತ್ತೆ ಬರುತ್ತದೆ.

ಅಷ್ಟಾಗಿ ಬರದ ಸಂಗತಿ ಇನ್ನೊಂದಿದೆ. ಲೀಯ ಸೇನೆ ಪೆನ್ಸಿಲ್ವೇನಿಯಾ ಹೊಕ್ಕಾಗ ಅಲ್ಲಿದ್ದ ಕಪ್ಪು ಜನರನ್ನು, ಹುಟ್ಟಾ ಸ್ವತಂತ್ರರಾಗಿದ್ದವರನ್ನೂ ಬಿಡದೆ, ಹಿಡಿದು ಗುಲಾಮಗಿರಿಗೆಂದು ದಕ್ಷಿಣಕ್ಕೆ ಸಾಗಿಸಿತು. ಗೆಟಿಸ್‌ಬರ್ಗಿನ ಅನೇಕ ಕಪ್ಪು ಕುಟುಂಬಗಳು ಕದನಕ್ಕೆ ಮುಂಚೆಯೇ ಊರು ತೊರೆದು ಓಡಿದ್ದವು. ಆ ಬಯಲಿನಲ್ಲಿ ನಡೆದವರ ಶೌರ್ಯದ ಬಗ್ಗೆ ಓದುವಾಗ ಅವರು ಗೆದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಈ ಸಂಗತಿಯೇ ಉತ್ತರ.

ಗೆಟಿಸ್‌ಬರ್ಗಿನಿಂದ ಲೀ ಹಿಂದೆ ಸರಿಯತೊಡಗಿದ ಜುಲೈ 4ರಂದೇ ಸಾವಿರ ಮೈಲಿಯಷ್ಟು ದೂರದಲ್ಲಿ ವಿಕ್ಸ್‌ಬರ್ಗ್ ಶರಣಾಯಿತು. ಮಿಸಿಸಿಪ್ಪಿ ನದಿಯ ತಿರುವಿನಲ್ಲಿ ಎತ್ತರದ ದಿಬ್ಬದ ಮೇಲಿದ್ದ ಈ ಪಟ್ಟಣವನ್ನು ಹಿಡಿಯಲು ಗ್ರಾಂಟ್ ತಿಂಗಳುಗಟ್ಟಲೆ ಹೆಣಗಿದ್ದ. ಕಡೆಗೆ ಹಡಗುಗಳನ್ನು ರಾತ್ರಿ ಫಿರಂಗಿಗಳ ಕೆಳಗೇ ತೇಲಿಬಿಟ್ಟು, ಪಟ್ಟಣದ ದಕ್ಷಿಣಕ್ಕೆ ನದಿ ದಾಟಿ, ಹಿಂದಿನಿಂದ ಬಂದು ಮುತ್ತಿದ. ಮುತ್ತಿಗೆ 47 ದಿನ ನಡೆಯಿತು. ಊರಿನ ಜನ ಗುಡ್ಡದಲ್ಲಿ ಗವಿ ಕೊರೆದು ವಾಸಮಾಡಿದರು, ಹೇಸರಗತ್ತೆಯ ಮಾಂಸ ತಿಂದರು. ಕಾಗದ ಮುಗಿದು ಪತ್ರಿಕೆಯನ್ನು ಗೋಡೆಗೆ ಅಂಟಿಸುವ ಅಲಂಕಾರದ ಹಾಳೆಯ ಹಿಂಬದಿಯಲ್ಲಿ ಅಚ್ಚು ಹಾಕಿದರು. ಜನರಲ್ ಪೆಂಬರ್‌ಟನ್ ಸುಮಾರು 29,000 ಸೈನಿಕರೊಂದಿಗೆ ಶರಣಾದ. ಐದು ದಿನದ ನಂತರ ಪೋರ್ಟ್ ಹಡ್ಸನ್ ಕೂಡ ಬಿದ್ದು ಇಡೀ ನದಿ ಉತ್ತರದ ಕೈಗೆ ಬಂತು. ದಕ್ಷಿಣದ ಒಕ್ಕೂಟ ಎರಡು ಹೋಳಾಯಿತು.

ಗೆಟಿಸ್‌ಬರ್ಗಿನಲ್ಲಿ ಲೀ ಸೋತರೂ ಅವನ ಸೇನೆ ಉಳಿಯಿತು. ವಿಕ್ಸ್‌ಬರ್ಗಿನಲ್ಲಿ ಒಂದು ಇಡೀ ಸೇನೆಯೇ ಇಲ್ಲವಾಯಿತು. ಆದರೂ ಕೀರ್ತಿ ಗೆಟಿಸ್‌ಬರ್ಗಿಗೆ. ಅದಕ್ಕೆ ಒಂದು ಕಾರಣ ನವೆಂಬರ್ 19ರಂದು ಅಲ್ಲಿನ ಸ್ಮಶಾನ ಸಮರ್ಪಣೆಯಲ್ಲಿ ಲಿಂಕನ್ ಮಾಡಿದ ಎರಡು ಮೂರು ನಿಮಿಷದ ಭಾಷಣ. ಅದರಲ್ಲಿ ‘ಗುಲಾಮಗಿರಿ’ ಎಂಬ ಪದವೇ ಇಲ್ಲ. ಆದರೆ ಈ ದೇಶ ಹುಟ್ಟಿದ್ದು ಎಲ್ಲರೂ ಸಮಾನರೆಂಬ ಮಾತಿನ ಮೇಲೆ ಎಂದು ಅಲ್ಲಿ ನೆನಪಿಸಿ, ಯುದ್ಧವನ್ನು ಆ ಮಾತಿನ ಪರೀಕ್ಷೆಯಾಗಿ ಅವರು ಮಾರ್ಪಡಿಸಿದರು.

ಬಂದೂಕು ಹಿಡಿದ ಕೈಗಳು

ಆ ಪರೀಕ್ಷೆ ಆಗಲೇ ಬೇರೆಡೆ ನಡೆಯುತ್ತಿತ್ತು. ವಿಮೋಚನೆಯ ಘೋಷಣೆ ಕಪ್ಪು ಜನರಿಗೆ ಸೇನೆಯ ಬಾಗಿಲು ತೆರೆದಿತ್ತು. 1863ರ ಜೂನ್ 7ರಂದು ವಿಕ್ಸ್‌ಬರ್ಗಿನ ಮೇಲ್ಭಾಗದ ಮಿಲ್ಲಿಕೆನ್ಸ್ ಬೆಂಡ್‌ನಲ್ಲಿ, ಕೆಲವೇ ವಾರಗಳ ಹಿಂದೆ ಹತ್ತಿ ತೋಟಗಳಲ್ಲಿದ್ದವರು, ಸರಿಯಾಗಿ ಗುಂಡು ಹಾರಿಸುವ ತರಬೇತಿಯೂ ಇಲ್ಲದೆ, ಕೈ ಕೈ ಮಿಲಾಯಿಸಿ ಹೋರಾಡಿದರು. ಜುಲೈ 18ರಂದು ಚಾರ್ಲ್ಸ್‌ಟನ್ ಬಳಿಯ ವ್ಯಾಗ್ನರ್ ಕೋಟೆಯ ಮೇಲೆ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್ ಏರಿಹೋಯಿತು. ಕೋಟೆ ಸಿಗಲಿಲ್ಲ. ಅವರ ಬಿಳಿಯ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಸತ್ತ. ಅವನನ್ನು ಅವನ ಕಪ್ಪು ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ದಕ್ಷಿಣದವರು ಹೂತರು. ಅದು ಅವಮಾನವಾಗಲಿ ಎಂದು ಮಾಡಿದ್ದು. ಅವನ ತಂದೆ ಅದನ್ನು ಗೌರವವೆಂದು ಸ್ವೀಕರಿಸಿ, ದೇಹವನ್ನು ಅಲ್ಲಿಂದ ತೆಗೆಯಬೇಡಿ ಎಂದರು.

ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಭೂಸೇನೆಯಲ್ಲಿ ಸೇವೆ ಮಾಡಿದ್ದರು. ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಇದ್ದರೆ ಇವರಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಕಡಿತ. 54ನೇ ರೆಜಿಮೆಂಟ್ ಇದನ್ನು ಪ್ರತಿಭಟಿಸಿ ಸಂಬಳವನ್ನೇ ನಿರಾಕರಿಸಿತು. 1864ರ ಜೂನಿನಲ್ಲಿ ಸಂಸತ್ತು ಸಮಾನ ವೇತನಕ್ಕೆ ಒಪ್ಪಿತು. ಅದೇ ವರ್ಷದ ಏಪ್ರಿಲ್ 12ರಂದು ಟೆನೆಸಿಯ ಪಿಲ್ಲೋ ಕೋಟೆಯಲ್ಲಿ ನೇಥನ್ ಬೆಡ್‌ಫರ್ಡ್ ಫಾರೆಸ್ಟನ ಪಡೆ ಶರಣಾಗುತ್ತಿದ್ದ ಕಪ್ಪು ಸೈನಿಕರನ್ನೂ ಕೊಂದಿತು. ಸೆರೆಯಾದ ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ಒಪ್ಪಲು ದಕ್ಷಿಣ ನಿರಾಕರಿಸಿದ್ದರಿಂದ ಕೈದಿಗಳ ವಿನಿಮಯವೇ ಮುರಿದುಬಿತ್ತು. ನಕ್ಷೆಯಲ್ಲಿ ಈ ಕಾಳಗಗಳೆಲ್ಲ ಚಿಕ್ಕವು. ಆದರೆ ಯುದ್ಧದ ನಂತರ ಪೌರತ್ವದ ಹಕ್ಕು ಕೇಳಿದವರು ಕೈತೋರಿಸಿದ್ದು ಈ ಸ್ಥಳಗಳ ಕಡೆಗೆ.

ಮತಪೆಟ್ಟಿಗೆಯಲ್ಲಿ ಗೆದ್ದ ಅಟ್ಲಾಂಟಾ

1864ರ ಮಾರ್ಚಿನಲ್ಲಿ ಗ್ರಾಂಟ್ ಇಡೀ ಉತ್ತರದ ಸೇನೆಯ ಮುಖ್ಯಸ್ಥನಾದ. ಮೇ ತಿಂಗಳಲ್ಲಿ ವರ್ಜೀನಿಯಾದ ವಿಲ್ಡರ್‌ನೆಸ್ ಎಂಬ ದಟ್ಟ ಕುರುಚಲು ಕಾಡಿನಲ್ಲಿ ಲೀಯನ್ನು ಎದುರಿಸಿದ. ನಷ್ಟ ಭಾರಿಯಾಗಿತ್ತು. ಹಿಂದಿನ ಸೇನಾಪತಿಗಳಾಗಿದ್ದರೆ ಮರಳುತ್ತಿದ್ದರು. ಕವಲುದಾರಿಯಲ್ಲಿ ಗ್ರಾಂಟ್ ದಕ್ಷಿಣಕ್ಕೆ ತಿರುಗಿದಾಗ ದಣಿದ ಸೈನಿಕರು ಜಯಕಾರ ಹಾಕಿದರಂತೆ. ಆದರೆ ಸ್ಪಾಟ್‌ಸಿಲ್ವೇನಿಯಾ, ಕೋಲ್ಡ್ ಹಾರ್ಬರ್ ದಾಟಿ ಪೀಟರ್ಸ್‌ಬರ್ಗಿನ ಕಂದಕಗಳನ್ನು ಮುಟ್ಟುವಷ್ಟರಲ್ಲಿ ಆರೇಳು ವಾರಗಳಲ್ಲಿ 50,000ಕ್ಕೂ ಹೆಚ್ಚು ಜನ ನಷ್ಟವಾಗಿದ್ದರು. ಉತ್ತರದ ಮನೆಮನೆಗಳಲ್ಲಿ ಸಾಕಪ್ಪಾ ಸಾಕು ಎನಿಸಿತ್ತು.

ಅದು ಚುನಾವಣೆಯ ವರ್ಷ. ಆಗಸ್ಟ್ 23ರಂದು ಲಿಂಕನ್ ತಾವು ಸೋಲುವುದು ಬಹುತೇಕ ಖಚಿತ, ಮುಂದಿನ ಅಧ್ಯಕ್ಷ ಅಧಿಕಾರ ವಹಿಸಿಕೊಳ್ಳುವ ಮೊದಲು ಒಕ್ಕೂಟ ಉಳಿಸಲು ಸಹಕರಿಸಬೇಕು ಎಂಬರ್ಥದ ಟಿಪ್ಪಣಿ ಬರೆದು, ಮಡಿಸಿ, ಓದಲು ಬಿಡದೆಯೇ ಮಂತ್ರಿಗಳಿಂದ ಸಹಿ ಹಾಕಿಸಿಕೊಂಡರು. ಎದುರಾಳಿ ಆಂಟೀಟಮ್‌ನ ಅದೇ ಮೆಕ್‌ಕ್ಲೆಲನ್. ಅವನ ಪಕ್ಷದ ಪ್ರಣಾಳಿಕೆ ಕದನವಿರಾಮ ಕೇಳುತ್ತಿತ್ತು. ಸಂಧಾನವಾಗಿದ್ದರೆ ವಿಮೋಚನೆಯ ಘೋಷಣೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಸೆಪ್ಟೆಂಬರ್ 2ರಂದು ವಿಲಿಯಂ ಶರ್ಮನ್ ಪಡೆಗಳು ರೈಲುಮಾರ್ಗಗಳ ಕೇಂದ್ರವಾದ ಅಟ್ಲಾಂಟಾವನ್ನು ಹೊಕ್ಕವು. ಹತ್ತೇ ದಿನದಲ್ಲಿ ರಾಜಕೀಯದ ಗಾಳಿ ತಿರುಗಿತು. ನವೆಂಬರ್ 8ರಂದು ಲಿಂಕನ್ 212 ಎಲೆಕ್ಟೋರಲ್ ಮತ ಪಡೆದರು. ಮೆಕ್‌ಕ್ಲೆಲನ್ನನಿಗೆ ಸಿಕ್ಕಿದ್ದು 21. ರಣರಂಗದಲ್ಲೇ ಮತ ಹಾಕಿದ ಸೈನಿಕರಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿನವರು, ತಮ್ಮ ಸಾವಿನ ಸಾಧ್ಯತೆಯನ್ನು ಮುಂದುವರಿಸುವ ಅಭ್ಯರ್ಥಿಗೇ ಮತ ಕೊಟ್ಟರು. 1865ರ ಜನವರಿ 31ರಂದು ಗುಲಾಮಗಿರಿಯನ್ನು ದೇಶಾದ್ಯಂತ ರದ್ದುಮಾಡುವ 13ನೇ ತಿದ್ದುಪಡಿ ಕೆಳಮನೆಯಲ್ಲಿ ಅಂಗೀಕಾರವಾಯಿತು. ಡಿಸೆಂಬರಿನಲ್ಲಿ ಸಂವಿಧಾನ ಸೇರಿತು. ಅಟ್ಲಾಂಟಾ ಬೀಳದಿದ್ದರೆ ಈ ದಾರಿ ತೆರೆಯುತ್ತಿತ್ತೆಂದು ಹೇಳಲಾಗದು.

ಶರಣಾಗತಿಯ ನಂತರ

1865ರ ಏಪ್ರಿಲ್ 9ರಂದು ಅಪ್ಪೊಮಾಟಕ್ಸಿನಲ್ಲಿ ಲೀ ಗ್ರಾಂಟನಿಗೆ ಶರಣಾದ. ಅದು ನಡೆದದ್ದು ವಿಲ್ಮರ್ ಮೆಕ್‌ಲೀನ್ ಎಂಬುವನ ಮನೆಯ ಪಡಸಾಲೆಯಲ್ಲಿ. ಬುಲ್ ರನ್ ಕಾಳಗ ತನ್ನ ಜಮೀನಿನಲ್ಲೇ ನಡೆದ ಮೇಲೆ ಅಲ್ಲಿಂದ ದೂರ ಬಂದು ನೆಲೆಸಿದ್ದ ಮನುಷ್ಯ ಅವನು. ಐದು ದಿನದ ನಂತರ ಲಿಂಕನ್ನಿಗೆ ಗುಂಡು ಬಿತ್ತು. ಯುದ್ಧದಲ್ಲಿ ಸತ್ತವರು 6,20,000 ಎಂಬುದು ಬಹುಕಾಲದ ಲೆಕ್ಕ. ಜನಗಣತಿ ಆಧರಿಸಿದ ಈಚಿನ ಅಂದಾಜುಗಳು ಅದಕ್ಕಿಂತ ಹೆಚ್ಚಿವೆ. ಗುಂಡಿಗಿಂತ ರೋಗದಿಂದ ಸತ್ತವರೇ ಜಾಸ್ತಿ.

ಎಂಟು ವರ್ಷದ ನಂತರ, 1873ರಲ್ಲಿ, ಪುಣೆಯ ಜೋತಿರಾವ್ ಫುಲೆ ತಮ್ಮ ‘ಗುಲಾಮಗಿರಿ’ ಕೃತಿಯನ್ನು ಕಪ್ಪು ಜನರ ಗುಲಾಮಗಿರಿಯ ವಿರುದ್ಧ ತ್ಯಾಗ ಮಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಈ ಯುದ್ಧದ ತಿರುಳು ಯಾವುದೆಂದು ಅಷ್ಟು ದೂರದಲ್ಲಿದ್ದ ಫುಲೆಯವರಿಗೆ ಅನುಮಾನವಿರಲಿಲ್ಲ. ಆದರೆ ಅಮೆರಿಕದಲ್ಲಿಯೇ ಅದು ಮಸುಕಾಗತೊಡಗಿತು. 1870ರ ದಶಕದ ಕೊನೆಗೆ ದಕ್ಷಿಣದ ರಾಜ್ಯಗಳಲ್ಲಿ ಹಳೆಯ ಒಡೆಯರ ವರ್ಗವೇ ಅಧಿಕಾರಕ್ಕೆ ಮರಳಿತು. 1913ರಲ್ಲಿ ಗೆಟಿಸ್‌ಬರ್ಗ್ ಕದನದ ಐವತ್ತನೆಯ ವರ್ಷಕ್ಕೆ ಎರಡೂ ಕಡೆಯ 50,000ಕ್ಕೂ ಹೆಚ್ಚು ಮುದಿ ಯೋಧರು ಅದೇ ಬಯಲಿನಲ್ಲಿ ಸೇರಿ, ಕಲ್ಲಿನ ಗೋಡೆಯ ಆಚೀಚೆ ನಿಂತು ಕೈಕುಲುಕಿದರು. ಕಪ್ಪು ಯೋಧರು ಅಲ್ಲಿ ಹೆಚ್ಚುಕಡಿಮೆ ಕಾಣಿಸಲೇ ಇಲ್ಲ. ಅಧ್ಯಕ್ಷ ವುಡ್ರೋ ವಿಲ್ಸನ್ ಭಾಷಣದಲ್ಲಿ ಹಳೆಯ ಜಗಳ ಮರೆತಿದ್ದೇವೆ ಎಂಬ ಧಾಟಿಯಿತ್ತು. ಅದೇ ವರ್ಷ ಅವರ ಆಡಳಿತ ಸರ್ಕಾರಿ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರ್ಪಡಿಸಿ ಕೂರಿಸುತ್ತಿತ್ತು.

ಕದನಗಳನ್ನು ಬರೀ ಶೌರ್ಯದ ಕತೆಗಳಾಗಿ ಹೇಳುತ್ತ ಹೋದಾಗ ಹೀಗಾಗುತ್ತದೆ. ಎರಡೂ ಕಡೆಯವರು ಸಮಾನ ವೀರರಾಗುತ್ತಾರೆ, ಅವರು ಯಾತಕ್ಕಾಗಿ ಬಡಿದಾಡಿದರು ಎಂಬುದು ಕತೆಯಿಂದ ಜಾರಿಹೋಗುತ್ತದೆ. ಅಂತರ್ಯುದ್ಧದ ನಕ್ಷೆಯನ್ನು ಬಿಡಿಸಿ ಕೂತಾಗ ಗೆಟಿಸ್‌ಬರ್ಗಿನ ಗುಡ್ಡಗಳನ್ನು ಗುರುತು ಹಾಕಿಕೊಳ್ಳೋಣ. ಜೊತೆಗೆ ಮೂವರು ದೋಣಿಯಲ್ಲಿ ಬಂದಿಳಿದ ಮನ್ರೋ ಕೋಟೆಯನ್ನೂ, ಮಿಲ್ಲಿಕೆನ್ಸ್ ಬೆಂಡ್ ಎಂಬ ನದಿಯ ತಿರುವನ್ನೂ ಗುರುತು ಹಾಕಿಕೊಳ್ಳಬೇಕು.